ಮುದ್ರಪ್ಪನವರ ಮೀಟರು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಮುದ್ರೆ ಒತ್ತಿದ ಗುಮಾಸ್ತನಿಗೆ ಮುದ್ರಪ್ಪ ಎಂಬ ಹೆಸರು ಬಿದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸೇವಾ ಪುಸ್ತಕದ ಮೊದಲ ಪುಟದಲ್ಲಿ ಭದ್ರವಾಗಿತ್ತು. ಅದನ್ನು ಅಲ್ಲಿಂದ ಹೊರಗೆ ತೆಗೆಯುವ ಪ್ರಸಂಗ ಯಾರಿಗೂ ಬಂದಿರಲಿಲ್ಲ. ಅಂಗಡಿಯವರು ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಪಾತ್ರೆಗಳನ್ನು ವರ್ಷಕ್ಕೊಮ್ಮೆ ಹೊತ್ತು ತರುವುದು, ಇನ್ಸ್‌ಪೆಕ್ಟರು ಅವನ್ನು ಬೀರುವಿನಲ್ಲಿಟ್ಟ ಮಾದರಿ ಬಟ್ಟುಗಳ ಜೊತೆ ಹೋಲಿಸಿ ನೋಡುವುದು, ಸರಿಯಿದ್ದರೆ ತಲೆಯಾಡಿಸುವುದು, ಆಮೇಲೆ ಮುದ್ರಪ್ಪನವರು ಠಕ್ಕೆಂದು ಮುದ್ರೆ ಒತ್ತುವುದು. ಇದು ಕಚೇರಿಯ ಕ್ರಮ. ಇನ್ಸ್‌ಪೆಕ್ಟರ ತಲೆ ಆಡುವ ಮೊದಲು ಮುದ್ರಪ್ಪನವರ ಕೈ ಆಡಿದ್ದು ಇಲಾಖೆಯ ಇತಿಹಾಸದಲ್ಲೇ ಇಲ್ಲ.

ಈ ಇತಿಹಾಸವೇ ಅವರಿಗೆ ಮುಳುವಾಯಿತು. ಇನ್ಸ್‌ಪೆಕ್ಟರ್ ಹುದ್ದೆಯ ಸಂದರ್ಶನಕ್ಕೆ ಎರಡು ಸಲ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದಿದ್ದರು. ಎರಡನೇ ಸಲ ಸಮಿತಿ ಬರೆದ ಷರಾವನ್ನು ಅವರ ಮೇಲಧಿಕಾರಿ ಮೇಡಂ ಕರೆದು ತೋರಿಸಿದ್ದರು: “ಪ್ರಾಮಾಣಿಕರು. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಆದರೆ ಸ್ವಂತವಾಗಿ ಒಂದು ತೀರ್ಮಾನ ತೆಗೆದುಕೊಂಡ ನಿದರ್ಶನ ಒಂದೂ ಇಲ್ಲ.”

“ಸ್ವಂತ ತೀರ್ಮಾನ ಅಂದ್ರೆ ಎಂಥದ್ದು ಮೇಡಂ?” ಎಂದು ಮುದ್ರಪ್ಪನವರು ವಿನಯದಿಂದ ಕೇಳಿದರು.

“ಅದನ್ನೂ ನನ್ನೇ ಕೇಳಿದ್ರೆ ಅದು ಸ್ವಂತದ್ದು ಹೇಗಾಗುತ್ತೆ?” ಎಂದರು ಮೇಡಂ.

ಮೂರನೇ ಸಂದರ್ಶನಕ್ಕೆ ಒಂದು ತಿಂಗಳಿತ್ತು. ನಿವೃತ್ತಿಗೆ ಎರಡು ವರ್ಷ. ಇದೂ ತಪ್ಪಿದರೆ ನಾಲ್ಕನೆಯದು ಇಲ್ಲ, ಗುಮಾಸ್ತರಾಗಿಯೇ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬರಬೇಕು. 

ಅಂಥ ದಿನಗಳಲ್ಲಿ ಒಂದು ಸೋಮವಾರ ಬೆಳಿಗ್ಗೆ ಅವರ ಕಾರು ನರಳಿತು. ಅದು ಹೆಂಡತಿಯ ಅಣ್ಣ ಹೊಸ ಕಾರು ಕೊಂಡಾಗ ತಂಗಿಯ ಮೇಲಿನ ಪ್ರೀತಿಯಿಂದ ಇತ್ತ ದಾಟಿಸಿದ ಕಾರು. ಅದರ ವಯಸ್ಸನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಕೀಲಿ ತಿರುಗಿಸಿದರೆ ಎರಡು ಸಲ ‘ಊಂ... ಊಂ...’ ಎಂದು ಮುಲುಗಿ, ಮೂರನೆಯದಕ್ಕೆ ಹೇಗೋ ಎದ್ದಿತು. ಬೀದಿ ತುದಿಯ ಬ್ಯಾಟರಿ ಅಂಗಡಿಯವನು ಬಾನೆಟ್ ಎತ್ತಿಸಿ, ತನ್ನ ಮೀಟರಿನ ಎರಡು ಕಡ್ಡಿ ತಾಗಿಸಿ, ಅರೆಗಳಿಗೆ ನೋಡಿ, ಕಡ್ಡಿ ಸುತ್ತಿಟ್ಟುಕೊಂಡ.

“ಬ್ಯಾಟರಿ ವೀಕ್ ಆಗಿದೆ ಯಜಮಾನ್ರೇ. ಇವತ್ತೋ ನಾಳೆಯೋ ಕೈಕೊಡುತ್ತೆ. ಬದಲಾಯಿಸಿಬಿಡಿ.”

ಮುದ್ರಪ್ಪನವರು ಬ್ಯಾಟರಿಯನ್ನು ನೋಡಲಿಲ್ಲ. ಅವನ ಕೈಯಿಂದ ಮೀಟರನ್ನು ತೆಗೆದುಕೊಂಡು ಬೆನ್ನು ನೋಡಿದರು, ಅಡಿ ನೋಡಿದರು, ಪಕ್ಕೆ ನೋಡಿದರು.

“ಇದಕ್ಕೆ ಮುದ್ರೆ ಎಲ್ಲಿ?”

“ಯಾವ ಮುದ್ರೆ?”

“ಇದು ಸರಿಯಾಗಿ ಅಳೆಯುತ್ತೆ ಅಂತ ಯಾರೋ ಪರೀಕ್ಷೆ ಮಾಡಿರಬೇಕಲ್ಲ, ಅವರ ಮುದ್ರೆ.”

“ಬ್ಯಾಟರಿ ಮೀಟರಿಗೆಲ್ಲ ಯಾರ್ರೀ ಮುದ್ರೆ ಒತ್ತಿಸ್ತಾರೆ? ಇದೇನು ತಕ್ಕಡಿನಾ?”

“ಮುದ್ರೆ ಇಲ್ಲದ್ದು ಅಳತೆ ಅಲ್ಲಪ್ಪಾ, ಬಾಯಿಮಾತು,” ಎಂದು ಮುದ್ರಪ್ಪನವರು ಬಾನೆಟ್ ಮುಚ್ಚಿದರು. “ನನ್ನ ಬ್ಯಾಟರೀನ ನಾನೇ ಪರೀಕ್ಷೆ ಮಾಡ್ತೀನಿ. ತೀರ್ಮಾನಾನೂ ನಾನೇ ಮಾಡ್ತೀನಿ.”

ಕೊನೆಯ ಮಾತು ಬಾಯಿಂದ ಹೊರಬಿದ್ದಾಗ ಅವರಿಗೇ ಮೈ ಜುಮ್ಮೆಂದಿತು. ಸ್ವಂತ ತೀರ್ಮಾನ ಎಂದರೆ ಇದೇ ಅಲ್ಲವೇ! ಸಂಜೆ ಕಚೇರಿಯಿಂದ ಬರುವಾಗ ಬಸ್ ನಿಲ್ದಾಣದ ಪಕ್ಕದಲ್ಲಿ ಗೋಣಿತಾಟು ಹಾಸಿ ಟಾರ್ಚು, ಕತ್ತರಿ, ಹಳೆ ರೇಡಿಯೊ ಮಾರುವವನ ಹತ್ತಿರ ಒಂದು ಹಳದಿ ಮೀಟರು ಕಂಡರು, ಕೊಂಡರು. ಜೊತೆಗೆ ಕೊಟ್ಟ ಕೈಪಿಡಿ ಆರು ಭಾಷೆಗಳಲ್ಲಿತ್ತು. ಆರೂ ಅವರಿಗೆ ಬಾರದವು.

ಆದರೆ ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ ಕಾರಿನ ಬ್ಯಾಟರಿಯ ಆರೋಗ್ಯವನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆಂದು ಬಿಡಿಸಿ ಬಿಡಿಸಿ ಹೇಳಿದ್ದ. ರಾತ್ರಿಯಿಡೀ ಕಾರನ್ನು ಸುಮ್ಮನೆ ನಿಲ್ಲಿಸಬೇಕು. ಬೆಳಿಗ್ಗೆ ಮೀಟರಿನ ತಿರುಗಣೆಯನ್ನು ಇಪ್ಪತ್ತಕ್ಕೆ ಇಟ್ಟು, ಕೆಂಪು ಕಡ್ಡಿಯನ್ನು ಪ್ಲಸ್ಸಿಗೆ, ಕಪ್ಪು ಕಡ್ಡಿಯನ್ನು ಮೈನಸ್ಸಿಗೆ ತಾಗಿಸಬೇಕು. ಹನ್ನೆರಡು ಪಾಯಿಂಟ್ ಆರು ಬಂದರೆ ಬ್ಯಾಟರಿ ಗಟ್ಟಿಮುಟ್ಟು, ಹನ್ನೆರಡಕ್ಕಿಂತ ಕೆಳಗಿಳಿದರೆ ಗಂಡಾಂತರ. ಆಮೇಲೆ ಇನ್ನೊಬ್ಬರಿಂದ ಕಾರು ಸ್ಟಾರ್ಟ್ ಮಾಡಿಸಿ, ಆ ಕ್ಷಣದಲ್ಲಿ ಅಂಕಿ ಎಷ್ಟು ಬೀಳುತ್ತದೆಂದು ನೋಡಬೇಕು.

ಇನ್ನೊಬ್ಬರು ಎಂದರೆ ಹೆಂಡತಿ. ಮರುದಿನ ಬೆಳಿಗ್ಗೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು ಸ್ಟೀರಿಂಗಿನ ಮುಂದೆ ಕೂತರು.

“ನಾನು ಹೂಂ ಅಂದಾಗ ತಿರುಗಿಸು. ಅಲ್ಲಿವರೆಗೆ ಕೀಲಿ ಮುಟ್ಟಬೇಡ.”

“ಹೂಂ.”

“ನೀನಲ್ಲ ಹೂಂ ಅನ್ನೋದು, ನಾನು!”

“ಸರಿ, ಬೇಗ ಅನ್ನಿ. ಹಾಲು ಇಟ್ಟಿದೀನಿ.”

ಮುದ್ರಪ್ಪನವರು ಕಡ್ಡಿ ತಾಗಿಸಿದರು. ಪರದೆಯ ಮೇಲೆ ಅಂಕಿಗಳು ಕುಣಿದು ನಿಂತವು: 13.2. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹದಿಮೂರು ಪಾಯಿಂಟ್ ಎರಡೇ! ಹನ್ನೆರಡು ಪಾಯಿಂಟ್ ಆರಕ್ಕೆ ಪಾಸಾದರೆ ಇದು ಮೊದಲ ದರ್ಜೆ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಬ್ಯಾಟರಿಯ ಚಿತ್ರವೂ ಮಿನುಗುತ್ತಿತ್ತು. ಎದುರಿಗಿರುವುದು ಬ್ಯಾಟರಿಯೇ ಎಂದು ಗುರುತು ಹಿಡಿಯುವಷ್ಟು ಜಾಣ ಮೀಟರು ಇದು ಎಂದು ಅವರಿಗೆ ಅಭಿಮಾನ ಉಕ್ಕಿತು.

“ನೋಡಿದೆಯಾ! ಅವನು ಮೋಸಗಾರ! ನಮ್ಮ ಬ್ಯಾಟರಿ ಕಲ್ಲುಗುಂಡು ಇದ್ದ ಹಾಗಿದೆ!”

“ಮತ್ತೆ ನಿನ್ನೆ ಯಾಕೆ ನರಳ್ತು?”

“ಅದು ಸೆಲ್ಫ್ ಮೋಟರಿನ ದೋಷ. ಬ್ಯಾಟರಿದಲ್ಲ. ಹೂಂ!”

ಹೆಂಡತಿ ಕೀಲಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಎದ್ದಿತು. ಅದು ಯಾಕೆ ಎದ್ದಿತೋ ಆ ಕಾರಿಗೇ ಗೊತ್ತು. ಅವತ್ತು ಅದು ಏಳದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಬೀದಿಯ ಜನ ನೆಮ್ಮದಿಯಾಗಿರುತ್ತಿದ್ದರು.

ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದವರು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಕೊರಳಲ್ಲಿ ಸೀಟಿ ಇರುತ್ತಿತ್ತು, ಯಾರ ಮನೆಯ ಮುಂದೆ ಇಬ್ಬರು ನಿಂತರೂ ಮೂರನೆಯವರಾಗಿ ಸೇರುತ್ತಿದ್ದರು.

“ನಮ್ಮ ಗಾಡಿದೂ ಒಂದು ನೋಡಿ ಮುದ್ರಪ್ಪನೋರೇ. ಅದೇ ಅಂಗಡಿಯವ ನನಗೂ ಬದಲಾಯಿಸಿ ಅಂದಿದಾನೆ.”

ಮೇಷ್ಟ್ರ ಗಾಡಿ 13.4 ತೋರಿಸಿತು. ಮುದ್ರಪ್ಪನವರು ಒಳಗೆ ಹೋಗಿ, ಹಳೆಯ ನೋಟುಬುಕ್ಕಿನ ಹಾಳೆ ಹರಿದು, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು: “ಮೇಲ್ಕಂಡ ಬ್ಯಾಟರಿಯನ್ನು ಪರೀಕ್ಷಿಸಲಾಗಿ ಆರೋಗ್ಯವಾಗಿರುವುದು ಕಂಡುಬಂದಿದೆ.” ಕೆಳಗೆ ತಾರೀಕು ಹಾಕಿ ರುಜು ಮಾಡಿದರು. ಮೇಷ್ಟ್ರು ಅದನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಅಂಗಡಿಯವನ ಮುಂದೆ ಬೇಕೆಂದೇ ಎರಡು ಸುತ್ತು ನಡೆದು ಬಂದರು.

ಆ ಭಾನುವಾರ ಮುದ್ರಪ್ಪನವರ ಗೇಟಿನ ಮುಂದೆ ಒಂಬತ್ತು ಕಾರು ನಿಂತವು. ಮೇಷ್ಟ್ರು ಸೀಟಿ ಊದಿ ಸಾಲು ಮಾಡಿಸಿದರು. ಮುದ್ರಪ್ಪನವರು ಹೊಸ ರಿಜಿಸ್ಟರ್ ತಂದು ಕ್ರಮಸಂಖ್ಯೆ, ಮಾಲೀಕರು, ಅಳತೆ, ಷರಾ ಎಂದು ಗೆರೆ ಎಳೆದಿದ್ದರು. ಸಂದರ್ಶನದ ದಿನ ಇದನ್ನು ಸಮಿತಿಯ ಮುಂದೆ ಇಟ್ಟರೆ ಸಾಕು, ಸ್ವಂತ ತೀರ್ಮಾನದ ನಿದರ್ಶನ ಪುಟಗಟ್ಟಲೆ ಸಿಗುತ್ತದೆ. ಒಂಬತ್ತಕ್ಕೆ ಒಂಬತ್ತೂ ಆರೋಗ್ಯವಾಗಿದ್ದವು. ಒಬ್ಬರದೂ ಹದಿಮೂರಕ್ಕೆ ಕಡಿಮೆ ಇರಲಿಲ್ಲ.

ಎರಡನೇ ಭಾನುವಾರ ಒಂದು ಅದ್ಭುತ ನಡೆಯಿತು. ಹಿಂದಿನ ವಾರ ಹದಿಮೂರರಲ್ಲಿದ್ದ ಬ್ಯಾಟರಿಗಳು ಹದಿನಾಲ್ಕಕ್ಕೆ ಏರಿದ್ದವು. ಮುದ್ರಪ್ಪನವರು ತಲೆ ಕೆರೆದುಕೊಂಡರು. ಹಿಂದಿನ ವಾರ ಅವರು ಎಲ್ಲರಿಗೂ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಹೇಳಿದ್ದು ನೆನಪಾಯಿತು. ಅದರ ಗುಣ ಎಂದು ಷರಾ ಬರೆದರು. ಮೂರನೇ ಭಾನುವಾರ ಹದಿನೈದು ಮುಟ್ಟಿತು.

“ಎಲ್ಲಾದ್ರೂ ಉಂಟೇನ್ರೀ?” ಎಂದು ಬ್ಯಾಟರಿ ಅಂಗಡಿಯವನು ಗೇಟಿನವರೆಗೂ ಬಂದು ಕೇಳಿದ. ಮೂರು ವಾರದಿಂದ ಅವನ ಅಂಗಡಿಗೆ ನೊಣ ಕೂಡ ಹಾಯ್ದಿರಲಿಲ್ಲ. “ನಿಂತ ಕಾರಿನ ಬ್ಯಾಟರಿ ಹದಿನೈದು ತೋರಿಸೋದಿಲ್ಲ. ವಾರ ವಾರಕ್ಕೂ ಬ್ಯಾಟರಿಗೆ ಪ್ರಾಯ ಬರುತ್ತಾ?”

“ಆರೈಕೆ ಮಾಡಿದ್ರೆ ಯಾಕೆ ಬರಲ್ಲ?” ಎಂದರು ಮೇಷ್ಟ್ರು. “ನನಗೆ ಅರವತ್ತಾರು. ಬಾ, ಓಡೋಣ, ನೋಡೋಣ.”

ಅಂಗಡಿಯವನು ಓಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ಸೇರಿ ಅವನನ್ನು ಅಂದಾಡಿದರು. ಚೆನ್ನಾಗಿರುವ ಬ್ಯಾಟರಿಯನ್ನು ಚೆನ್ನಾಗಿಲ್ಲ ಎನ್ನುವವನಿಗಿಂತ ಕೀಳು ಮನುಷ್ಯ ಲೋಕದಲ್ಲಿ ಇಲ್ಲವೆಂದು ತೀರ್ಮಾನವಾಯಿತು. ಅವನು ತಲೆ ತಗ್ಗಿಸಿಕೊಂಡು ಹೋದ.

ಹಾಗೆಂದು ಬೀದಿಯಲ್ಲಿ ಕಾರುಗಳು ನಿಲ್ಲುತ್ತಿರಲಿಲ್ಲವೇ? ನಿಲ್ಲುತ್ತಿದ್ದವು, ದಿನಾ ನಿಲ್ಲುತ್ತಿದ್ದವು. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಯಾರಾದರೊಬ್ಬರು ಯಾರದಾದರೊಂದು ಕಾರು ನೂಕುತ್ತಿರುವುದು ಬೀದಿಯ ನಿತ್ಯದ ನೋಟವಾಯಿತು. ಆದರೆ ಚೀಟಿ ಇತ್ತಲ್ಲ! ಬ್ಯಾಟರಿ ಆರೋಗ್ಯವಾಗಿದೆ ಎಂದು ಬರೆದಿರುವಾಗ ದೋಷ ಬೇರೆಲ್ಲೋ ಇರಲೇಬೇಕು. ಒಬ್ಬರು ಸೆಲ್ಫ್ ಮೋಟರು ಬದಲಾಯಿಸಿದರು. ಇನ್ನೊಬ್ಬರು ವೈರುಗಳನ್ನೆಲ್ಲ ಕೀಳಿಸಿ ಹೊಸದು ಹಾಕಿಸಿದರು. ಮೇಷ್ಟ್ರು ತಮ್ಮ ಗಾಡಿಯನ್ನು ಸತತ ಐದು ದಿನ ನೂಕಿಸಿಕೊಂಡು, “ಬ್ಯಾಟರಿ ಒಂದು ಗಟ್ಟಿ ಇರೋದಕ್ಕೆ ಇಷ್ಟಾದ್ರೂ ಓಡ್ತಾ ಇದೆ” ಎಂದು ಸಮಾಧಾನಪಟ್ಟರು.

ಎದುರುಮನೆ ಅಜ್ಜಿ ಒಂದು ದಿನ ಗೋಡೆ ಗಡಿಯಾರವನ್ನೇ ಎತ್ತಿಕೊಂಡು ಬಂದಳು.

“ಇದು ನಿಂತುಹೋಗಿದೆ ಕಣಪ್ಪಾ. ಸೆಲ್ಲು ಹೋಗಿದೆಯಾ ನೋಡು.”

ಸೆಲ್ಲಿನ ಮೇಲೆ ಒಂದೂವರೆ ಎಂದು ಅಚ್ಚಾಗಿತ್ತು. ಮೀಟರು ಒಂದೂವರೆಯನ್ನೇ ತೋರಿಸಿತು.

“ಸೆಲ್ಲು ಹೊಸದರ ಹಾಗಿದೆ ಅಜ್ಜಿ. ಗಡಿಯಾರ ಕೆಟ್ಟಿದೆ.”

ಅಜ್ಜಿ ಹೊಸ ಗಡಿಯಾರ ತಂದು, ಆರೋಗ್ಯವಂತ ಸೆಲ್ಲನ್ನೇ ಅದಕ್ಕೆ ಹಾಕಿದಳು. ಅದೂ ಮಧ್ಯಾಹ್ನಕ್ಕೆ ನಿಂತಿತು. ಆ ಗಡಿಯಾರವನ್ನು ಅಂಗಡಿಗೆ ಹಿಂದಿರುಗಿಸಿ ಇನ್ನೊಂದು ತಂದಳು, ಅದೂ ನಿಂತಿತು. ಮೂರನೆಯ ಸಲ ಗಡಿಯಾರದ ಅಂಗಡಿಯವನು, “ಸೆಲ್ಲು ಬದಲಾಯಿಸಿ ನೋಡಿ ಅಜ್ಜಿ” ಎಂದಿದ್ದಕ್ಕೆ, “ಅದಕ್ಕೆ ಚೀಟಿ ಇದೆ, ನಿನ್ನ ಗಡಿಯಾರಕ್ಕೇನಿದೆ?” ಎಂದು ಅವನ ಬಾಯಿ ಮುಚ್ಚಿಸಿದಳು.

ರಿಜಿಸ್ಟರ್ ನಲವತ್ತೊಂದನೇ ಕ್ರಮಸಂಖ್ಯೆಗೆ ಬಂದಾಗ ಸುದ್ದಿ ಕಚೇರಿಗೂ ತಲುಪಿತು. ಸಂದರ್ಶನದ ಹಿಂದಿನ ಸಂಜೆ ಮೇಡಂ ಅವರನ್ನು ಕರೆದರು. ಮರುದಿನ ತೊಂಬತ್ತು ಕಿಲೋಮೀಟರ್ ದೂರದ ಮುಖ್ಯ ಕಚೇರಿಯಲ್ಲಿ ಹತ್ತು ಗಂಟೆಗೆ ಸಂದರ್ಶನ. ಮೇಡಂ ಸಮಿತಿಯ ಸದಸ್ಯರು. ಅಭ್ಯರ್ಥಿಯನ್ನು ತಮ್ಮ ಕಾರಿನಲ್ಲೇ ಕರೆದೊಯ್ಯುವುದಾಗಿ ಒಪ್ಪಿದ್ದರು. ಅಭ್ಯರ್ಥಿ ಮತ್ತು ಸಮಿತಿ ಒಂದೇ ಕಾರಿನಲ್ಲಿ ಹೋಗಬಾರದೆಂಬ ನಿಯಮ ಎಲ್ಲೂ ಇಲ್ಲ. ಇಬ್ಬರೂ ಬೇರೆ ಬೇರೆಯಾಗಿ ಹುಡುಕಿ ನೋಡಿದ್ದರು.

“ನನ್ನ ಕಾರು ಎರಡು ದಿನದಿಂದ ಬೆಳಿಗ್ಗೆ ಕಷ್ಟಪಡ್ತಾ ಇದೆ. ಹೊಸ ಬ್ಯಾಟರಿ ತರೋಕೆ ಹೇಳಿದೀನಿ. ಅವನು ಬೆಳಿಗ್ಗೆ ಆರು ಗಂಟೆಗೆ ಬಂದು ಹಾಕ್ತಾನೆ,” ಎಂದರು ಮೇಡಂ.

“ಯಾರು ಮೇಡಂ? ನಮ್ಮ ಬೀದಿ ತುದಿಯವನಾ? ಅಯ್ಯೋ ಬೇಡಿ!” ಮುದ್ರಪ್ಪನವರು ಚೀಲದಿಂದ ಮೀಟರು ತೆಗೆದೇಬಿಟ್ಟರು. ಈಗ ಅದು ಅವರನ್ನು ಬಿಟ್ಟಿರುತ್ತಿರಲಿಲ್ಲ. ಕಚೇರಿಯ ಅಂಗಳದಲ್ಲಿ ಬಾನೆಟ್ ಎತ್ತಿ ಕಡ್ಡಿ ತಾಗಿಸಿದರು: 14.9.

“ಇದನ್ನ ಬದಲಾಯಿಸೋದು ಅಂದ್ರೆ ಗಟ್ಟಿ ಹಲ್ಲು ಕೀಳಿಸಿದ ಹಾಗೆ ಮೇಡಂ.”

“ಖಂಡಿತಾನಾ? ನಾಳೆ ಏಳಕ್ಕೆ ಹೊರಡಬೇಕು. ಕೈಕೊಟ್ರೆ ಹೋಗೋದು ನಿಮ್ಮದೇ ಅವಕಾಶ.”

“ಬರೆದುಕೊಡ್ತೀನಿ ಮೇಡಂ,” ಎಂದು ಮುದ್ರಪ್ಪನವರು ನಲವತ್ತೆರಡನೇ ಚೀಟಿ ಬರೆದರು. ಮೇಡಂ ಫೋನ್ ಮಾಡಿ ಹೊಸ ಬ್ಯಾಟರಿ ಬೇಡವೆಂದರು. ಬಂದ ಉತ್ತರ ಮುದ್ರಪ್ಪನವರಿಗೆ ಕೇಳಿಸಲಿಲ್ಲ, ಕೇಳಿಸದಿದ್ದುದೇ ಒಳ್ಳೆಯದಾಯಿತು.

ಮರುದಿನ ಏಳಕ್ಕೆ ಹತ್ತು ನಿಮಿಷವಿರುವಾಗಲೇ ಮುದ್ರಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ರಿಜಿಸ್ಟರನ್ನು ಎದೆಗವಚಿಕೊಂಡು ಮೇಡಂ ಮನೆಯ ಮುಂದಿದ್ದರು. ಮೇಡಂ ಬಂದು ಕೂತು ಕೀಲಿ ತಿರುಗಿಸಿದರು.

‘ಟಕ್’ ಎಂದಿತು.

ಮತ್ತೆ ತಿರುಗಿಸಿದರು. ‘ಟಕ್.’ ನರಳಲೂ ತ್ರಾಣವಿಲ್ಲದವರ ಸದ್ದು.

“ಸೆಲ್ಫ್ ಮೋಟರು ಮೇಡಂ,” ಎಂದರು ಮುದ್ರಪ್ಪನವರು.  ಆರು ಗಂಟೆಯ ಬಸ್ಸು ಹೋಗಿಯಾಗಿತ್ತು, ಮುಂದಿನದು ಒಂಬತ್ತಕ್ಕೆ. ಮೇಡಂ ಫೋನ್ ಎತ್ತಿ ಅಂಗಡಿಯವನನ್ನು ಕರೆದರು.

ಅವನು ಹತ್ತು ನಿಮಿಷದಲ್ಲಿ ಸ್ಕೂಟರಿನ ಮುಂದೆ ಬ್ಯಾಟರಿ ಇಟ್ಟುಕೊಂಡು ಬಂದ. ನಿನ್ನೆ ಬೇಡವೆಂದ ಬ್ಯಾಟರಿ ಅದೇ. ಬೆಳಿಗ್ಗೆ ಬೇಕಾಗುತ್ತದೆಂದು ಬಾಗಿಲಲ್ಲೇ ತಯಾರಾಗಿ ಇಟ್ಟುಕೊಂಡಿದ್ದನಂತೆ. ತನ್ನ ಮೀಟರು ತಾಗಿಸಿದ. 11.6.

“ಸುಳ್ಳು!” ಎಂದು ಮುದ್ರಪ್ಪನವರು ತಮ್ಮದನ್ನು ತಾಗಿಸಿದರು. 15.1.

ಒಂದೇ ಬ್ಯಾಟರಿ, ಎರಡು ಮೀಟರು. ಇಬ್ಬರೂ ಜಗಳಕ್ಕೆ ನಿಂತರು. ನಿನ್ನದಕ್ಕೆ ಮುದ್ರೆ ಇಲ್ಲ ಎಂದರು ಇವರು, ನಿಮ್ಮದರಲ್ಲಿ ಕಾರು ಸ್ಟಾರ್ಟ್ ಆಗಲ್ಲ ಎಂದ ಅವನು. ಮೇಡಂ ಕೈಗಡಿಯಾರ ನೋಡಿಕೊಂಡರು. ಆಮೇಲೆ, ಕಚೇರಿಯಲ್ಲಿ ವ್ಯಾಪಾರಿಗಳನ್ನು ಕೇಳುವ ಅದೇ ಸಣ್ಣ ದನಿಯಲ್ಲಿ ಕೇಳಿದರು:

“ಮುದ್ರಪ್ಪನೋರೇ, ನಿಮ್ಮ ಮೀಟರನ್ನ ಪರೀಕ್ಷೆ ಮಾಡಿ ಮುದ್ರೆ ಒತ್ತಿದವರು ಯಾರು?”

ಮುದ್ರಪ್ಪನವರು ತಮ್ಮ ಮೀಟರಿನ ಬೆನ್ನು ನೋಡಿದರು, ಅಡಿ ನೋಡಿದರು, ಪಕ್ಕೆ ನೋಡಿದರು. ಮುದ್ರೆ ಎಲ್ಲೂ ಇರಲಿಲ್ಲ. ಇಪ್ಪತ್ತೇಳು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಅನುಮಾನಿಸಿದ ಮನುಷ್ಯ ತನ್ನ ಕೈಯಲ್ಲಿದ್ದುದನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

ಅಂಗಡಿಯವನು ಅವರ ಮೀಟರಿನ ಬೆನ್ನಿನ ತಿರುಪು ಬಿಚ್ಚಿದ. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸೆಲ್ಲು, ಮೈತುಂಬ ಹಸಿರು ಕಿಲುಬು ಹಿಡಿದು ಕೂತಿತ್ತು.

“ಇದರ ಸೆಲ್ಲೇ ಹೋಗಿದೆ ಯಜಮಾನ್ರೇ. ಇದು ವೀಕ್ ಆದಷ್ಟೂ ಮೀಟರು ಜಾಸ್ತಿ ತೋರಿಸ್ತಾ ಹೋಗುತ್ತೆ. ಮೂಲೇಲಿ ಬ್ಯಾಟರಿ ಚಿತ್ರ ಬರ್ತಿತ್ತಲ್ಲ, ನೋಡ್ಲಿಲ್ವಾ? ನನ್ನ ಹೊಟ್ಟೆಗೆ ಹಾಕ್ರೋ ಅಂತ ಅದು ಬಡ್ಕೋತಾ ಇದ್ದದ್ದು.”

ತನ್ನ ಮೀಟರಿನ ಸೆಲ್ಲನ್ನು ತೆಗೆದು ಇದಕ್ಕೆ ಹಾಕಿ ಕಡ್ಡಿ ತಾಗಿಸಿದ. 11.6. ಹಳದಿ ಮೀಟರು ಮೊದಲ ಸಲ ನಿಜ ಹೇಳಿತು.

ಮುದ್ರಪ್ಪನವರಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಸೆಲ್ಫ್ ಮೋಟರು ಬದಲಾಯಿಸಿದವರು, ವೈರು ಕೀಳಿಸಿದವರು, ಮೂರು ಗಡಿಯಾರ ಹೊತ್ತ ಅಜ್ಜಿ, ಐದು ದಿನ ನೂಕಿಸಿಕೊಂಡ ಮೇಷ್ಟ್ರು ಸಾಲಾಗಿ ಕಣ್ಣ ಮುಂದೆ ಬಂದರು. ಎಲ್ಲರ ಕೈಯಲ್ಲೂ ಅವರದೇ ರುಜು ಇತ್ತು.  ಅಂಗಡಿಯವನು ಹೊಸ ಬ್ಯಾಟರಿ ಕೂರಿಸುವಷ್ಟು ಹೊತ್ತು ಅವರು ಕಾರಿನ ಬೆನ್ನಿಗೆ ಕಾಗದ ಒತ್ತಿಟ್ಟುಕೊಂಡು ಏನೋ ಬರೆದರು. ಬರೆದು ಮುಗಿಸಿ ಅವನ ಮುಂದೆ ಹಿಡಿದರು.

“ಸಾಕ್ಷಿ ಅಂತ ಇಲ್ಲಿ ಒಂದು ರುಜು ಹಾಕಪ್ಪಾ.”

“ಯಾರ ಮೇಲೆ ಇದು?”

“ನನ್ನ ಮೇಲೆ.”

ಅಂಗಡಿಯವನು ಮೂರು ವಾರದ ನಂತರ ಮೊದಲ ಸಲ ನಕ್ಕ. ಕೇಳಿದ್ದು ಒಂದು ಕಡೆ, ಹಾಕಿದ್ದು ಎರಡು ಕಡೆ.

 ಮುಖ್ಯ ಕಚೇರಿಯ ಮೆಟ್ಟಿಲ ಹತ್ತಿರ ಕಾರು ನಿಲ್ಲಿಸಿದಾಗ ಗಂಟೆ ಹತ್ತಾಗಲು ಐದು ನಿಮಿಷವಿತ್ತು.

“ಒಳಗೆ ನಾನು ಇದರ ವಿಷಯ ಎತ್ತಲ್ಲ,” ಎಂದರು ಮೇಡಂ. “ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅಂದರೆ ಬಾಯಿ ಮುಚ್ಚಿಕೊಂಡರೆ ಕೆಲಸ ಆಗುತ್ತದೆ. ರಿಜಿಸ್ಟರಿನಲ್ಲಿ ನಲವತ್ತೆರಡು ಸ್ವಂತ ತೀರ್ಮಾನಗಳು ಮುತ್ತಿನಂಥ ಅಕ್ಷರದಲ್ಲಿ ಕೂತಿದ್ದವು. ಅವು ಸುಳ್ಳೆಂದು ಈ ಕಟ್ಟಡದಲ್ಲಿ ಮೇಡಂ ಒಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕಾಯುವಾಗ ಮುದ್ರಪ್ಪನವರು ಎರಡು ಸಲ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟರು, ಎರಡು ಸಲ ಹೊರಗೆ ತೆಗೆದರು.

ಸಮಿತಿಯ ಅಧ್ಯಕ್ಷರು ದಪ್ಪ ಕನ್ನಡಕದ ದೊಡ್ಡ ಸಾಹೇಬರು. ಪಕ್ಕದಲ್ಲಿ ಮೇಡಂ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಸಾಹೇಬರು ಹಳೆಯ ಷರಾ ಓದಿಕೊಂಡು ಕೇಳಿದರು:

“ಹೋದ ಸಲ ಸ್ವಂತ ತೀರ್ಮಾನದ ನಿದರ್ಶನ ಇಲ್ಲ ಅಂತ ಬರೆದಿದ್ವಿ. ಈ ಸಲ ಇದೆಯಾ?”

“ಇದೆ ಸಾರ್.”

ಮುದ್ರಪ್ಪನವರು ರಿಜಿಸ್ಟರನ್ನು ಮೇಜಿನ ಮೇಲಿಟ್ಟರು.  ಅದರ ಮೇಲೆ ಆ ಕಾಗದವನ್ನೂ ಇಟ್ಟರು. ಸಾಹೇಬರು ಕಾಗದವನ್ನೇ ಮೊದಲು ಎತ್ತಿಕೊಂಡರು.

“ಜಪ್ತಿ ಮಹಜರು,” ಎಂದು ಓದಿದರು. “ಪರೀಕ್ಷೆಯಾಗದ, ಮುದ್ರೆಯಿಲ್ಲದ ಉಪಕರಣದಿಂದ ಅಳತೆ ಮಾಡಿ, ನಲವತ್ತೆರಡು ಜನಕ್ಕೆ ತಪ್ಪು ಚೀಟಿ ಕೊಟ್ಟು... ಅಬ್ಬಾ! ಯಾರ್ರೀ ಈ ಖದೀಮ?”

“ನಾನೇ ಸಾರ್.”

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಮೇಡಂ ಕಿಟಕಿಯ ಆಚೆಯೇ ನೋಡುತ್ತಿದ್ದರು, ಆದರೆ ಅವರ ಭುಜ ಸ್ವಲ್ಪ ಅಲುಗಿತು.

“ದೂರುದಾರರು?”

“ಮೇಡಂ, ಸಾರ್. ಬೆಳಿಗ್ಗೆ ಅವರ ಕಾರು ಏಳಲಿಲ್ಲ.”

“ಸಾಕ್ಷಿ?”

“ಬ್ಯಾಟರಿ ಅಂಗಡಿಯವರು. ಎರಡು ಕಡೆ ರುಜು ಹಾಕಿದಾರೆ.”

“ಮಾಲು?”

ಮುದ್ರಪ್ಪನವರು ಹಳದಿ ಮೀಟರನ್ನು ಮೇಜಿನ ಮೇಲಿಟ್ಟರು. ದಾರ ಸುತ್ತಿ, ಅರಗು ಹಾಕಿ, ಚೀಟಿ ಅಂಟಿಸಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಅರಗು ಎಲ್ಲಿ ಕಾಯಿಸಿದರೆಂದು ಮೇಡಂ ಆಮೇಲೆ ಎಷ್ಟು ಕೇಳಿದರೂ ಅವರು ಹೇಳಲಿಲ್ಲ.

ಸಾಹೇಬರು ಕಾಗದದ ಕೆಳಭಾಗಕ್ಕೆ ಬಂದರು.

“ಎಲ್ಲಾ ಸರಿ ಇದೆ. ಆದರೆ ಜಪ್ತಿ ಮಾಡಿದ ಅಧಿಕಾರಿ ಅಂತ ಇರೋ ಕಡೆ ರುಜು ಇಲ್ಲವಲ್ಲ?”

“ಗುಮಾಸ್ತನಿಗೆ ಜಪ್ತಿ ಮಾಡೋ ಅಧಿಕಾರ ಇಲ್ಲ ಸಾರ್. ಅದು ಇನ್ಸ್‌ಪೆಕ್ಟರ್ ರುಜು ಆಗಬೇಕು.”

“ಹೀಗೇ ಖಾಲಿ ಬಿಟ್ರೆ?”

“ಮಹಜರು ಊರ್ಜಿತ ಆಗಲ್ಲ ಸಾರ್. ಆರೋಪಿ ತಪ್ಪಿಸ್ಕೋತಾನೆ.”

“ತಪ್ಪಿಸ್ಕೊಂಡ್ರೆ ತಪ್ಪಿಸ್ಕೊಳ್ಳಲಿ ಬಿಡಿ. ನೀವೇ ಅಲ್ವೇ?”

“ಬಿಡೋದು ಹೇಗೆ ಸಾರ್!” ಮುದ್ರಪ್ಪನವರ ದನಿ ತಾನಾಗಿಯೇ ಏರಿತು. ದೊಡ್ಡವರ ಎದುರು ಇಷ್ಟು ಗಟ್ಟಿಯಾಗಿ ಅವರು ಎಂದೂ ಮಾತಾಡಿರಲಿಲ್ಲ. “ಒಬ್ಬ ಅಜ್ಜಿ ಮೂರು ಗಡಿಯಾರ ಹೊತ್ತು ತಿರುಗಿದಾಳೆ ಸಾರ್. ಪಾಪದ ಅಂಗಡಿಯವನ್ನ ಮೋಸಗಾರ ಅಂತ ಬೀದೀಲಿ ಬೈಸಿದಾನೆ. ಅವನು ಯಾರಾದ್ರೂ ಆಗಿರಲಿ, ನಾನು ಬಿಡಲ್ಲ!”

 ಸಾಹೇಬರು ಮೇಡಂ ಕಡೆ ನೋಡಿದರು. ಮೇಡಂ ತಲೆಯಾಡಿಸಿದರು. ಸಾಹೇಬರು ಮುಂದಿದ್ದ ಕಡತ ತೆರೆದು, ಎರಡು ಸಾಲು ಬರೆದು, ಕೆಳಗೆ ರುಜು ಎಳೆದು, ಅದನ್ನು ಮೇಡಂ ಕಡೆ ಜಾರಿಸಿದರು. ಅವರೂ ರುಜು ಹಾಕಿದರು.

“ಇನ್ಸ್‌ಪೆಕ್ಟರೇ,” ಎಂದರು ಸಾಹೇಬರು ಪೆನ್ನು ಮುಂದೆ ಮಾಡಿ, “ನಿಮ್ಮ ಕೇಸು, ನೀವೇ ಮುಗಿಸಿ.”

ಮುದ್ರಪ್ಪನವರ ಕಣ್ಣು ಮಂಜಾಯಿತು. ಅಳು ಬಂತೋ ನಗು ಬಂತೋ ಅವರಿಗೇ ತಿಳಿಯಲಿಲ್ಲ. ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ನಿಧಾನವಾಗಿ ರುಜು ಹಾಕಿದರು. ಹಾಕಿದವರು ಕಾಗದವನ್ನು ಹಿಂದಿರುಗಿಸಲಿಲ್ಲ.

“ಇನ್ನೇನು?” ಎಂದರು ಸಾಹೇಬರು.

“ಮಹಜರನ್ನ ಆರೋಪಿಗೆ ಓದಿಹೇಳಿ ರುಜು ತಗೋಬೇಕು ಸಾರ್. ಇಲ್ದಿದ್ರೆ ನಿಲ್ಲಲ್ಲ.”

“ಓದಿಹೇಳಿ ಹಾಗಾದ್ರೆ.”

ಮುದ್ರಪ್ಪನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೇಲಿಂದ ಕೆಳಗಿನವರೆಗೆ ಒಂದು ಅಕ್ಷರ ಬಿಡದೆ ಓದಿದರು. ಓದಿ ಮುಗಿಸಿ ಕಾಗದ ಇಳಿಸಿ, ಖಾಲಿ ಕುರ್ಚಿಯ ಕಡೆ ತಿರುಗಿ ಗಂಭೀರವಾಗಿ ಕೇಳಿದರು:

“ಓದಿದ್ದು ಅರ್ಥ ಆಯ್ತೇನ್ರೀ?”

ಆಮೇಲೆ ಅದೇ ಕುರ್ಚಿಯಲ್ಲಿ ಹೋಗಿ ಕೂತು, ತಲೆ ತಗ್ಗಿಸಿ ಹೇಳಿದರು:

“ಆಯ್ತು, ಸಾರ್.”

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವರನ್ನು ಯಾರೋ ‘ಸಾರ್’ ಎಂದು ಕರೆದದ್ದು ಅದೇ ಮೊದಲು.